ಸಮ್ಮತಿಯ ಉತ್ಪಾದನೆ

ಸಮ್ಮತಿಯ ಉತ್ಪಾದನೆ ಎಂಬುದು ಪ್ರಜಾಪ್ರಭುತ್ವ ರಾಷ್ಟ್ರಗಳಲ್ಲಿ ಬಲಪ್ರಯೋಗವಾಗಲಿ ಬಹಿರಂಗ ಸೆನ್ಸಾರ್ ಆಗಲಿ ಇಲ್ಲದೆಯೇ, ಸುದ್ದಿಯ ಆಯ್ಕೆ, ಒತ್ತು ಮತ್ತು ಮೌನಗಳ ಮೂಲಕ ಜನಾಭಿಪ್ರಾಯವನ್ನು ಒಂದು ದಿಕ್ಕಿಗೆ ತಿರುಗಿಸುವ ಕ್ರಿಯೆಯನ್ನು ಸೂಚಿಸುವ ಪದ. ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ 1922ರಲ್ಲಿ ಪ್ರಕಟವಾದ ತಮ್ಮ ‘ಪಬ್ಲಿಕ್ ಒಪಿನಿಯನ್’ ಗ್ರಂಥದಲ್ಲಿ ಇದನ್ನು ಬಳಸಿದರು. 1988ರಲ್ಲಿ ಎಡ್ವರ್ಡ್ ಎಸ್. ಹರ್ಮನ್ ಮತ್ತು ನೋಮ್ ಚಾಮ್‌ಸ್ಕಿ ತಮ್ಮ ‘ಮ್ಯಾನುಫ್ಯಾಕ್ಚರಿಂಗ್ ಕನ್ಸೆಂಟ್’ ಗ್ರಂಥಕ್ಕೆ ಇದನ್ನೇ ಶೀರ್ಷಿಕೆಯಾಗಿ ಆರಿಸಿಕೊಂಡ ಮೇಲೆ ಪದವು ಜಗತ್ತಿನಾದ್ಯಂತ ಪರಿಚಿತವಾಯಿತು. ಲಿಪ್‌ಮನ್ ಇದನ್ನು ಆಧುನಿಕ ಆಡಳಿತದ ಒಂದು ವಾಸ್ತವವೆಂದು ವಿವರಿಸಿದ್ದರೆ, ಹರ್ಮನ್ ಮತ್ತು ಚಾಮ್‌ಸ್ಕಿ ಅದನ್ನೇ ಆರೋಪಪಟ್ಟಿಯಾಗಿ ಮುಂದಿಟ್ಟರು. ಒಂದೇ ಪದದ ಈ ಎರಡು ಬಳಕೆಗಳ ನಡುವಿನ ಅಂತರವೇ ವಿಷಯದ ತಿರುಳು.

ಹಿನ್ನೆಲೆ

ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1741ರ ಒಂದು ಪ್ರಬಂಧದಲ್ಲಿ, ಬಹುಸಂಖ್ಯೆಯ ಜನರನ್ನು ಕೆಲವೇ ಮಂದಿ ಇಷ್ಟು ಸುಲಭವಾಗಿ ಆಳುವುದು ಹೇಗೆಂದು ಅಚ್ಚರಿಪಟ್ಟಿದ್ದರು. ತೋಳ್ಬಲ ಯಾವಾಗಲೂ ಆಳಿಸಿಕೊಳ್ಳುವವರ ಕಡೆಗೇ ಇರುತ್ತದೆ. ಆದುದರಿಂದ ಆಳುವವರಿಗೆ ಜನರ ಅಭಿಪ್ರಾಯವಲ್ಲದೆ ಬೇರೆ ಆಸರೆಯಿಲ್ಲ ಎಂಬುದು ಅವರ ಉತ್ತರ. ಮತದಾನದ ಹಕ್ಕು ವಿಸ್ತರಿಸಿದಂತೆಲ್ಲ ಈ ಮಾತಿನ ತೂಕ ಹೆಚ್ಚಿತು. ಅರಸನ ಆಳ್ವಿಕೆಯಲ್ಲಿ ಪ್ರಜೆ ಏನು ಯೋಚಿಸುತ್ತಾನೆ ಎಂಬುದು ಅವನು ವಿಧೇಯನಾಗಿರುವವರೆಗೆ ಗೌಣ. ಐದು ವರ್ಷಕ್ಕೊಮ್ಮೆಯೋ ನಾಲ್ಕು ವರ್ಷಕ್ಕೊಮ್ಮೆಯೋ ಅವನ ಮತ ಕೇಳಬೇಕಾದ ವ್ಯವಸ್ಥೆಯಲ್ಲಿ ಅದೇ ಮುಖ್ಯ.

ಈ ಅರಿವು ಸಂಘಟಿತ ಕಾರ್ಯಕ್ರಮವಾಗಿ ರೂಪುಗೊಂಡುದಕ್ಕೆ ಮೊದಲನೆಯ ಮಹಾಯುದ್ಧದ ಅಮೆರಿಕ ಒಂದು ಪ್ರಮುಖ ಉದಾಹರಣೆ. ಅಧ್ಯಕ್ಷ ವುಡ್ರೊ ವಿಲ್ಸನ್ ಅವರ ಪಕ್ಷವು 1916ರ ಚುನಾವಣೆಯಲ್ಲಿ, ಅವರು ದೇಶವನ್ನು ಯುದ್ಧದಿಂದ ದೂರವಿಟ್ಟರೆಂದು ಹೇಳಿಕೊಂಡೇ ಮತ ಕೇಳಿತ್ತು. 1917ರ ಏಪ್ರಿಲ್ 6ರಂದು ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿತು. ಒಂದೇ ವಾರದಲ್ಲಿ, ಏಪ್ರಿಲ್ 13ರಂದು, ಪತ್ರಕರ್ತ ಜಾರ್ಜ್ ಕ್ರೀಲ್ ಅವರ ಮುಖ್ಯಸ್ಥಿಕೆಯಲ್ಲಿ ಸಾರ್ವಜನಿಕ ಮಾಹಿತಿ ಸಮಿತಿ ಸ್ಥಾಪನೆಯಾಯಿತು. ಭಿತ್ತಿಪತ್ರ, ಚಲನಚಿತ್ರ, ಕರಪತ್ರಗಳ ಜೊತೆಗೆ ಸಮಿತಿಯು ಸುಮಾರು 75,000 ಸ್ವಯಂಸೇವಕ ಭಾಷಣಕಾರರನ್ನು ಕಲೆಹಾಕಿತು. ಇವರಿಗೆ ‘ನಾಲ್ಕು ನಿಮಿಷದವರು’ ಎಂಬ ಹೆಸರು. ಚಲನಚಿತ್ರ ಮಂದಿರಗಳಲ್ಲಿ ಒಂದು ರೀಲು ಮುಗಿದು ಇನ್ನೊಂದನ್ನು ಏರಿಸುವ ಬಿಡುವಿನಲ್ಲಿ ಎದ್ದು ನಿಂತು ಯುದ್ಧದ ಪರವಾಗಿ ಮಾತನಾಡುವುದು ಇವರ ಕೆಲಸವಾಗಿತ್ತು. ಪರಿಣಾಮವಾಗಿ ಯುದ್ಧೋತ್ಸಾಹ ಮಾತ್ರವಲ್ಲ, ದ್ವೇಷವೂ ಬೆಳೆಯಿತು. ಅನೇಕ ಶಾಲೆಗಳಲ್ಲಿ ಜರ್ಮನ್ ಭಾಷೆಯ ಬೋಧನೆ ನಿಂತಿತು. ಜರ್ಮನರ ಕೋಸಿನ ಉಪ್ಪಿನಕಾಯಿಗೂ ಹೊಸ ಹೆಸರಿಟ್ಟರು.

ಮನವೊಲಿಕೆಯ ಬೆನ್ನಿಗೆ ದಂಡನೆಯೂ ಇತ್ತೆಂಬುದನ್ನು ಮರೆಯಬಾರದು. 1917ರ ಗೂಢಚರ್ಯೆ ಕಾಯಿದೆಯ ಅಡಿಯಲ್ಲಿ, ಯುದ್ಧವನ್ನು ಟೀಕಿಸಿ ಭಾಷಣ ಮಾಡಿದ ಸಮಾಜವಾದಿ ನಾಯಕ ಯೂಜಿನ್ ಡೆಬ್ಸ್ ಅವರಿಗೆ ಹತ್ತು ವರ್ಷಗಳ ಸೆರೆವಾಸ ವಿಧಿಸಲಾಯಿತು. 1920ರ ಅಧ್ಯಕ್ಷೀಯ ಚುನಾವಣೆಗೆ ಸೆರೆಮನೆಯಿಂದಲೇ ಸ್ಪರ್ಧಿಸಿದ ಅವರಿಗೆ ಒಂಬತ್ತು ಲಕ್ಷಕ್ಕೂ ಹೆಚ್ಚು ಮತಗಳು ಬಂದವು.

ಲಿಪ್‌ಮನ್ ಅವರ ವಿಶ್ಲೇಷಣೆ

ಲಿಪ್‌ಮನ್ ಈ ಯಂತ್ರವನ್ನು ಹೊರಗಿನಿಂದ ಕಂಡವರಲ್ಲ. 1918ರಲ್ಲಿ ಅವರು ಫ್ರಾನ್ಸಿನಲ್ಲಿ ಅಮೆರಿಕದ ಸೇನೆಯ ಪರವಾಗಿ ಪ್ರಚಾರ ಕರಪತ್ರಗಳನ್ನು ಬರೆದಿದ್ದರು. ಯುದ್ಧಾನಂತರ, 1920ರಲ್ಲಿ, ಅವರು ಚಾರ್ಲ್ಸ್ ಮರ್ಜ್ ಅವರೊಡನೆ ಸೇರಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ರಷ್ಯಾದ ಕ್ರಾಂತಿಯ ಬಗ್ಗೆ ಮೂರು ವರ್ಷಗಳಲ್ಲಿ ಪ್ರಕಟಿಸಿದ್ದ ಸುದ್ದಿಗಳನ್ನು ಪರಿಶೀಲಿಸಿದರು. ಬೋಲ್ಷೆವಿಕ್ ಆಡಳಿತ ಪತನವಾಗಿದೆ ಅಥವಾ ಪತನದ ಅಂಚಿನಲ್ಲಿದೆ ಎಂದು ಪತ್ರಿಕೆ 91 ಬಾರಿ ತಿಳಿಸಿತ್ತು. ಆಡಳಿತ ಪತನವಾಗಿರಲಿಲ್ಲ. ಸುಳ್ಳನ್ನು ಯಾರೂ ಆದೇಶಿಸಿರಲಿಲ್ಲ ಎಂಬುದೇ ಇಲ್ಲಿ ಗಮನಾರ್ಹ. ವರದಿಗಾರರ ಮತ್ತು ಸಂಪಾದಕರ ಮನಸ್ಸಿನಲ್ಲಿದ್ದ ಆಸೆ ಹಾಗೂ ಭಯಗಳೇ ಮುಖ್ಯ ಸೆನ್ಸಾರ್ ಅಧಿಕಾರಿಗಳಂತೆ ಕೆಲಸ ಮಾಡಿದ್ದವು ಎಂಬ ತೀರ್ಮಾನಕ್ಕೆ ಇಬ್ಬರೂ ಬಂದರು. ಮಾಧ್ಯಮ ಅಧ್ಯಯನದ ಇತಿಹಾಸದಲ್ಲಿ ಈ ಪುಟ್ಟ ವರದಿಗೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ.

‘ಪಬ್ಲಿಕ್ ಒಪಿನಿಯನ್’ ಒಂದು ದ್ವೀಪದ ಕಥೆಯಿಂದ ಆರಂಭವಾಗುತ್ತದೆ. 1914ರಲ್ಲಿ ಆ ದ್ವೀಪದಲ್ಲಿ ಇಂಗ್ಲಿಷರು, ಫ್ರೆಂಚರು ಮತ್ತು ಜರ್ಮನರು ಒಟ್ಟಿಗೆ ವಾಸಿಸುತ್ತಿರುತ್ತಾರೆ. ಅಂಚೆಯ ಹಡಗು ಬರುವುದು ಅರವತ್ತು ದಿನಗಳಿಗೊಮ್ಮೆ. ಸೆಪ್ಟೆಂಬರಿನಲ್ಲಿ ಹಡಗು ಬಂದಾಗ, ಆರು ವಾರಗಳಿಂದ ತಮ್ಮ ತಮ್ಮ ದೇಶಗಳು ಯುದ್ಧ ಮಾಡುತ್ತಿವೆಯೆಂದು ಅವರಿಗೆ ತಿಳಿಯುತ್ತದೆ. ವಾಸ್ತವದಲ್ಲಿ ಶತ್ರುಗಳಾಗಿದ್ದ ಅವರು ಅಷ್ಟು ದಿನ ಸ್ನೇಹಿತರಂತೆ ಬಾಳಿದ್ದರು. ಮನುಷ್ಯ ನೇರವಾಗಿ ಜಗತ್ತಿಗೆ ಪ್ರತಿಕ್ರಿಯಿಸುವುದಿಲ್ಲ, ಜಗತ್ತಿನ ಬಗ್ಗೆ ತನ್ನ ತಲೆಯಲ್ಲಿರುವ ಚಿತ್ರಕ್ಕೆ ಪ್ರತಿಕ್ರಿಯಿಸುತ್ತಾನೆ ಎಂಬುದನ್ನು ಲಿಪ್‌ಮನ್ ಇದರಿಂದ ಸ್ಥಾಪಿಸುತ್ತಾರೆ. ಆ ಚಿತ್ರಗಳು ಬಹುಮಟ್ಟಿಗೆ ಪಡಿಯಚ್ಚುಗಳು. ಮುದ್ರಣಾಲಯದ ಈ ಪದಕ್ಕೆ ಇಂದಿನ ಸಾಮಾಜಿಕ ಅರ್ಥ ಪ್ರಚಲಿತವಾದುದು ಅವರ ಗ್ರಂಥದಿಂದಲೇ. ಸಾಮಾನ್ಯ ಪ್ರಜೆಗೆ ಎಲ್ಲ ವಿಷಯಗಳನ್ನೂ ಅರಿಯಲು ಸಮಯವೂ ಇಲ್ಲ, ಸಾಧನವೂ ಇಲ್ಲ. ಆದುದರಿಂದ ಪರಿಣತರು ವಾಸ್ತವಾಂಶಗಳನ್ನು ಸಂಗ್ರಹಿಸಿ ಆಡಳಿತಗಾರರ ಮುಂದಿಡಬೇಕೆಂಬುದು ಅವರು ಸೂಚಿಸಿದ ಪರಿಹಾರ.

ರೋಗದ ವರ್ಣನೆಯನ್ನು ಒಪ್ಪಿದ ತತ್ತ್ವಜ್ಞಾನಿ ಜಾನ್ ಡ್ಯೂಯಿ, ಚಿಕಿತ್ಸೆಯನ್ನು ಒಪ್ಪಲಿಲ್ಲ. ತಜ್ಞರ ವರ್ಗವೊಂದು ಜನರಿಂದ ದೂರವಾದಷ್ಟೂ ಜನರ ಅಗತ್ಯಗಳ ತಿಳಿವಳಿಕೆಯಿಂದಲೂ ದೂರವಾಗುತ್ತದೆ. ಚರ್ಚೆ ಮತ್ತು ಸಂವಹನದ ವಿಧಾನಗಳನ್ನು ಸುಧಾರಿಸುವುದೇ ದಾರಿ ಎಂದು ಅವರು 1927ರ ‘ದಿ ಪಬ್ಲಿಕ್ ಅಂಡ್ ಇಟ್ಸ್ ಪ್ರಾಬ್ಲಮ್ಸ್’ ಗ್ರಂಥದಲ್ಲಿ ವಾದಿಸಿದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡ್ಯೂಯಿ ಅವರ ವಿದ್ಯಾರ್ಥಿಯಾಗಿದ್ದ ಬಿ.ಆರ್. ಅಂಬೇಡ್ಕರ್ 1920ರ ಜನವರಿ 31ರಂದು ‘ಮೂಕನಾಯಕ’ ಎಂಬ ಮರಾಠಿ ಪತ್ರಿಕೆಯನ್ನು ಆರಂಭಿಸಿದರು. ಅಸ್ಪೃಶ್ಯರ ಮಾತಿಗೆ ಇತರ ಪತ್ರಿಕೆಗಳಲ್ಲಿ ಎಡೆಯಿಲ್ಲದುದೇ ಅದರ ಹುಟ್ಟಿಗೆ ಕಾರಣ. ಹೊಸ ಪತ್ರಿಕೆಯ ಪ್ರಕಟಣೆಯನ್ನು ಹಣ ತೆತ್ತು ಹಾಕಿಸಲು ಮುಂದಾದರೂ ‘ಕೇಸರಿ’ ಪತ್ರಿಕೆ ಅದನ್ನು ನಿರಾಕರಿಸಿತ್ತು. ಬ್ರಿಟಿಷರ ದಮನವನ್ನು ಎದುರಿಸಿದ ಪತ್ರಿಕೆಯೇ ತನ್ನ ಸಮಾಜದ ಒಳಗಿನ ದನಿಯೊಂದಕ್ಕೆ ಬಾಗಿಲು ಮುಚ್ಚಿದ ಈ ಪ್ರಸಂಗ, ಸರ್ಕಾರದ ಸೆನ್ಸಾರ್ ಮಾತ್ರವೇ ವಿಚಾರ ಸ್ವಾತಂತ್ರ್ಯದ ಶತ್ರುವಲ್ಲ ಎಂಬುದಕ್ಕೆ ಭಾರತೀಯ ನಿದರ್ಶನ.

ಪ್ರಚಾರ ಉದ್ಯಮ

ಕ್ರೀಲ್ ಸಮಿತಿಯಲ್ಲಿ ದುಡಿದಿದ್ದ ಎಡ್ವರ್ಡ್ ಬರ್ನೇಸ್, ಯುದ್ಧಕಾಲದ ತಂತ್ರಗಳನ್ನು ಶಾಂತಿಕಾಲದ ವ್ಯಾಪಾರಕ್ಕೆ ಒಯ್ದರು. ಇವರು ಮನಶ್ಶಾಸ್ತ್ರಜ್ಞ ಸಿಗ್ಮಂಡ್ ಫ್ರಾಯ್ಡ್ ಅವರ ಸೋದರಳಿಯ. 1928ರಲ್ಲಿ ‘ಪ್ರೊಪಗಂಡಾ’ ಎಂಬ ಪುಸ್ತಕವನ್ನು ಆ ಹೆಸರಿನಲ್ಲೇ, ಯಾವ ಸಂಕೋಚವೂ ಇಲ್ಲದೆ ಪ್ರಕಟಿಸಿದರು. 1929ರ ಈಸ್ಟರ್ ಮೆರವಣಿಗೆಯಲ್ಲಿ ನ್ಯೂಯಾರ್ಕಿನ ಕೆಲವು ಯುವತಿಯರು ಸಾರ್ವಜನಿಕವಾಗಿ ಸಿಗರೇಟು ಸೇದಿದಾಗ ಅದು ಮಹಿಳಾ ಸ್ವಾತಂತ್ರ್ಯದ ಪ್ರದರ್ಶನವೆಂದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಅದನ್ನು ಏರ್ಪಡಿಸಿದ್ದವರು ಅಮೆರಿಕನ್ ಟೊಬ್ಯಾಕೊ ಕಂಪನಿಗಾಗಿ ಕೆಲಸ ಮಾಡುತ್ತಿದ್ದ ಬರ್ನೇಸ್.

ಸಿಗರೇಟಿನ ಪ್ರಸಂಗವನ್ನು ಎಲ್ಲರೂ ಉಲ್ಲೇಖಿಸುತ್ತಾರೆ; ಅದಕ್ಕಿಂತ ಗಂಭೀರವಾದುದು ಗ್ವಾಟೆಮಾಲಾ ಪ್ರಸಂಗ. ಆ ದೇಶದ ಚುನಾಯಿತ ಅಧ್ಯಕ್ಷ ಹಾಕೊಬೊ ಅರ್ಬೆಂಜ್, ಭೂಸುಧಾರಣೆಯ ಅಂಗವಾಗಿ ಯುನೈಟೆಡ್ ಫ್ರೂಟ್ ಕಂಪನಿಯ ಪಾಳು ಜಮೀನನ್ನು ವಶಪಡಿಸಿಕೊಂಡರು. ಕಂಪನಿಯ ಸಲಹೆಗಾರರಾಗಿದ್ದ ಬರ್ನೇಸ್ ಅಮೆರಿಕದ ಪತ್ರಕರ್ತರಿಗಾಗಿ ಗ್ವಾಟೆಮಾಲಾ ಪ್ರವಾಸಗಳನ್ನು ಏರ್ಪಡಿಸಿ, ಅಲ್ಲಿ ಕಮ್ಯುನಿಸ್ಟರ ಅಪಾಯವಿದೆಯೆಂಬ ವರದಿಗಳು ಬರುವಂತೆ ನೋಡಿಕೊಂಡರು. 1954ರ ಜೂನ್‌ನಲ್ಲಿ ಅಮೆರಿಕದ ಸಿಐಎ ಸಂಘಟಿಸಿದ ಕಾರ್ಯಾಚರಣೆಯಲ್ಲಿ ಅರ್ಬೆಂಜ್ ಪದಚ್ಯುತರಾದರು. ಮುಂದಿನ ದಶಕಗಳ ಅಂತರ್ಯುದ್ಧದಲ್ಲಿ ಆ ಪುಟ್ಟ ದೇಶ ಎರಡು ಲಕ್ಷದಷ್ಟು ಜನರನ್ನು ಕಳೆದುಕೊಂಡಿತು.

ಬ್ರಿಟನ್ನಿನಲ್ಲಿ ಜಾರ್ಜ್ ಆರ್ವೆಲ್ ಅವರಿಗೆ ಇದರ ಇನ್ನೊಂದು ಮುಖ ಕಂಡಿತು. ‘ಅನಿಮಲ್ ಫಾರ್ಮ್’ ಕೃತಿಯನ್ನು ಹಲವು ಪ್ರಕಾಶಕರು ನಿರಾಕರಿಸಿದರು. ಆಗ ಸೋವಿಯತ್ ಒಕ್ಕೂಟ ಬ್ರಿಟನ್ನಿನ ಮಿತ್ರರಾಷ್ಟ್ರವಾಗಿತ್ತು. ಕೃತಿಗಾಗಿ ಬರೆದ ಮುನ್ನುಡಿಯಲ್ಲಿ ಆರ್ವೆಲ್, ಇಂಗ್ಲೆಂಡಿನಲ್ಲಿ ಒಪ್ಪಿತವಲ್ಲದ ವಿಚಾರಗಳನ್ನು ಅಧಿಕೃತ ನಿಷೇಧವಿಲ್ಲದೆಯೇ ಮೌನಗೊಳಿಸಲಾಗುತ್ತದೆ, ಸುಶಿಕ್ಷಿತರು ಆಡಬಾರದೆಂದು ತಾವಾಗಿಯೇ ಒಪ್ಪಿಕೊಂಡ ಮಾತುಗಳಿರುತ್ತವೆ ಎಂದು ವಿವರಿಸಿದರು. 1945ರಲ್ಲಿ ಪುಸ್ತಕ ಪ್ರಕಟವಾದಾಗ ಆ ಮುನ್ನುಡಿ ಅದರಲ್ಲಿರಲಿಲ್ಲ. ಅದು ಬೆಳಕು ಕಂಡದ್ದು 1972ರಲ್ಲಿ.

ಪ್ರಚಾರ ಮಾದರಿ

ಹರ್ಮನ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಹಣಕಾಸು ವಿಷಯದ ಪ್ರಾಧ್ಯಾಪಕರಾಗಿದ್ದರು, ಚಾಮ್‌ಸ್ಕಿ ಭಾಷಾವಿಜ್ಞಾನಿ. ಅವರು ರೂಪಿಸಿದ ಪ್ರಚಾರ ಮಾದರಿಯು ಪತ್ರಕರ್ತರ ವೈಯಕ್ತಿಕ ಪ್ರಾಮಾಣಿಕತೆಯನ್ನು ಪ್ರಶ್ನಿಸುವುದಿಲ್ಲ. ಯಾವುದೇ ಪಿತೂರಿಯಿಲ್ಲದೆ, ಮಾರುಕಟ್ಟೆಯ ಸಹಜ ನಡೆಯಿಂದಲೇ ಸುದ್ದಿ ಐದು ಜರಡಿಗಳ ಮೂಲಕ ಹಾದು ಬರುತ್ತದೆಂಬುದು ಅದರ ಪ್ರತಿಪಾದನೆ: ಮಾಧ್ಯಮದ ಮಾಲೀಕತ್ವ, ಜಾಹೀರಾತು, ಸುದ್ದಿಮೂಲಗಳ ಅವಲಂಬನೆ, ಪ್ರಬಲರ ಪ್ರತಿದಾಳಿಯ ಭಯ ಹಾಗೂ ಕಮ್ಯುನಿಸ್ಟ್ ವಿರೋಧ. ಐದನೆಯ ಜರಡಿ ಶೀತಲ ಸಮರದ ಕಾಲಕ್ಕೆ ಸೇರಿದ್ದು. ನಂತರದ ಚರ್ಚೆಗಳಲ್ಲಿ ಅದರ ಸ್ಥಾನವನ್ನು ಭಯೋತ್ಪಾದನೆಯಂತಹ ಬೇರೆ ಶತ್ರುಕಲ್ಪನೆಗಳು ಪಡೆದಿವೆ.

ಇವುಗಳಲ್ಲಿ ಜಾಹೀರಾತಿನ ಜರಡಿ ವಿಶೇಷ ಗಮನಕ್ಕೆ ಅರ್ಹ. ಓದುಗನು ತೆರುವ ಬೆಲೆ ಪತ್ರಿಕೆಯ ತಯಾರಿಕಾ ವೆಚ್ಚಕ್ಕಿಂತ ಕಡಿಮೆಯಿದ್ದರೆ, ಉಳಿದ ಹಣವನ್ನು ಜಾಹೀರಾತುದಾರನು ತುಂಬುತ್ತಾನೆ. ಆಗ ಪತ್ರಿಕೆ ಮಾರುವ ಸರಕು ಸುದ್ದಿಯಲ್ಲ, ಓದುಗರೇ. ಅದರಲ್ಲೂ ಕೊಳ್ಳುವ ಶಕ್ತಿಯುಳ್ಳ ಓದುಗರು. ಬ್ರಿಟನ್ನಿನ ಕಾರ್ಮಿಕಪರ ದೈನಿಕ ‘ಡೈಲಿ ಹೆರಾಲ್ಡ್’ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ ಕೊನೆಯ ವರ್ಷಗಳಲ್ಲೂ ಅದಕ್ಕೆ ‘ಟೈಮ್ಸ್’, ‘ಫೈನಾನ್ಷಿಯಲ್ ಟೈಮ್ಸ್’ ಮತ್ತು ‘ಗಾರ್ಡಿಯನ್’ ಮೂರೂ ಸೇರಿದರೆ ಇರುವುದಕ್ಕಿಂತ ಹೆಚ್ಚು ಓದುಗರಿದ್ದರು. ಆದರೆ ಆ ಓದುಗರು ಜಾಹೀರಾತುದಾರರಿಗೆ ಬೇಕಾದವರಾಗಿರಲಿಲ್ಲ. 1964ರಲ್ಲಿ ಪತ್ರಿಕೆ ಮುಚ್ಚಿ, ‘ದಿ ಸನ್’ ಎಂಬ ಹೆಸರಿನಲ್ಲಿ ಮರುಜನ್ಮ ಪಡೆಯಿತು. ಕೆಲವೇ ವರ್ಷಗಳಲ್ಲಿ ಕೈಬದಲಾಗಿ, ತನ್ನ ಮೂಲಕ್ಕೆ ಸಂಬಂಧವೇ ಇಲ್ಲದ ಪತ್ರಿಕೆಯಾಯಿತು. ಕನ್ನಡದಲ್ಲಿ ಇದಕ್ಕೆ ಪ್ರತಿಯಾದ ಪ್ರಯೋಗವೊಂದು ನಡೆದಿದೆ. ಪಿ. ಲಂಕೇಶ್ 1980ರಲ್ಲಿ ಆರಂಭಿಸಿದ ‘ಲಂಕೇಶ್ ಪತ್ರಿಕೆ’ ಜಾಹೀರಾತುಗಳನ್ನು ಸ್ವೀಕರಿಸದೆ, ಓದುಗರು ಕೊಟ್ಟ ಹಣದಿಂದಲೇ ನಡೆಯಿತು. ಅಧಿಕಾರಸ್ಥರ ಬಗ್ಗೆ ಅದು ತಾಳಿದ ನಿರ್ಭೀತ ಧೋರಣೆಗೆ ಈ ಆರ್ಥಿಕ ನಿರ್ಧಾರ ಎಷ್ಟರಮಟ್ಟಿಗೆ ಕಾರಣವೆಂಬುದನ್ನು ಪತ್ರಿಕೋದ್ಯಮದ ವಿದ್ಯಾರ್ಥಿಗಳು ಯೋಚಿಸಬೇಕು.

ಮೂರನೆಯ ಜರಡಿ ದೈನಂದಿನ ಅನುಕೂಲದಿಂದ ಹುಟ್ಟುವಂಥದು. ವರದಿಗಾರನಿಗೆ ದಿನವೂ ಸುದ್ದಿ ಬೇಕು. ಸಚಿವಾಲಯ, ಪೊಲೀಸ್ ಇಲಾಖೆ, ದೊಡ್ಡ ಕಂಪನಿಗಳು ಅದನ್ನು ಸಿದ್ಧಪಡಿಸಿ, ಹೊತ್ತಿಗೆ ಸರಿಯಾಗಿ, ಪತ್ರಿಕಾಗೋಷ್ಠಿಯ ಮೂಲಕ ಒದಗಿಸುತ್ತವೆ. ಅಧಿಕೃತ ಮೂಲ ಹೇಳಿದ್ದನ್ನು ಬರೆದರೆ ಪರಿಶೀಲನೆಯ ಹೊಣೆ ಕಡಿಮೆ. ಅದನ್ನು ಅಲ್ಲಗಳೆದು ಬರೆದರೆ ಶ್ರಮ ಹೆಚ್ಚು, ಮುಂದೆ ಆ ಮೂಲವೇ ಮುಚ್ಚಿಹೋಗುವ ಅಪಾಯ ಬೇರೆ.

ತಮ್ಮ ಮಾದರಿಯನ್ನು ಪರೀಕ್ಷಿಸಲು ಲೇಖಕರು ಬಳಸಿದ ವಿಧಾನ ಜೋಡಿ ಘಟನೆಗಳ ಹೋಲಿಕೆ. 1984ರ ಅಕ್ಟೋಬರಿನಲ್ಲಿ ಕಮ್ಯುನಿಸ್ಟ್ ಪೋಲೆಂಡಿನ ಭದ್ರತಾ ಅಧಿಕಾರಿಗಳು ಯೆರ್ಜಿ ಪೊಪಿಯೆವುಷ್ಕೊ ಎಂಬ ಪಾದ್ರಿಯನ್ನು ಕೊಂದರು. ಅಮೆರಿಕದ ಬೆಂಬಲವಿದ್ದ ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ ಕೊಲೆಗೀಡಾದ ನೂರು ಮಂದಿ ಧಾರ್ಮಿಕ ಸೇವಕರಿಗೆ ಒಟ್ಟಾಗಿ ದೊರೆತುದಕ್ಕಿಂತ ಹೆಚ್ಚಿನ ಪ್ರಚಾರ ಅಮೆರಿಕದ ಪ್ರಮುಖ ಮಾಧ್ಯಮಗಳಲ್ಲಿ ಈ ಒಬ್ಬ ಪಾದ್ರಿಗೆ ದೊರೆಯಿತೆಂದು ಗ್ರಂಥ ಲೆಕ್ಕಹಾಕಿ ತೋರಿಸುತ್ತದೆ. ಆ ನೂರರಲ್ಲಿ, 1980ರ ಮಾರ್ಚ್ 24ರಂದು ಪೂಜೆ ಸಲ್ಲಿಸುತ್ತಿದ್ದಾಗಲೇ ಗುಂಡಿಗೆ ಬಲಿಯಾದ ಎಲ್ ಸಾಲ್ವಡಾರ್‌ನ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ ಕೂಡ ಇದ್ದರು. ಪೋಲೆಂಡಿನ ಹಂತಕರಿಗೆ 1985ರಲ್ಲಿ ಶಿಕ್ಷೆಯಾಯಿತು. ರೊಮೆರೊ ಹತ್ಯೆಗಾಗಿ ಎಲ್ ಸಾಲ್ವಡಾರ್‌ನಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ. ಶತ್ರುವಿನ ಕೈಯಲ್ಲಿ ಸತ್ತವರು ಅನುಕಂಪಕ್ಕೆ ‘ಯೋಗ್ಯ’ ಬಲಿಪಶುಗಳು, ಮಿತ್ರನ ಕೈಯಲ್ಲಿ ಸತ್ತವರು ‘ಅಯೋಗ್ಯ’ ಬಲಿಪಶುಗಳು ಎಂಬ ಕಟುವಾದ ವರ್ಗೀಕರಣವನ್ನು ಲೇಖಕರು ಮಾಡಿದ್ದಾರೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು: ರೊಮೆರೊ ಸುದ್ದಿಯನ್ನು ಯಾರೂ ಮುಚ್ಚಿಡಲಿಲ್ಲ, ಅದು ಪ್ರಕಟವಾಗಿತ್ತು. ವ್ಯತ್ಯಾಸವಿದ್ದುದು ಎಷ್ಟು ದಿನ, ಯಾವ ಪುಟದಲ್ಲಿ, ಎಂತಹ ಆಕ್ರೋಶದೊಡನೆ ಎಂಬುದರಲ್ಲಿ.

ಇದರ ಮುಂದುವರಿಕೆಯಾಗಿ ಚಾಮ್‌ಸ್ಕಿ 1988ರಲ್ಲಿ ಕೆನಡಾದ ರೇಡಿಯೋದಲ್ಲಿ ಮ್ಯಾಸಿ ಉಪನ್ಯಾಸಗಳನ್ನು ನೀಡಿದರು. ಅವು ಮರುವರ್ಷ ‘ನೆಸೆಸರಿ ಇಲ್ಯೂಷನ್ಸ್’ ಎಂಬ ಗ್ರಂಥವಾದವು. ಸರ್ವಾಧಿಕಾರದಲ್ಲಿ ಲಾಠಿ ಮಾಡುವ ಕೆಲಸವನ್ನು ಪ್ರಜಾಪ್ರಭುತ್ವದಲ್ಲಿ ಪ್ರಚಾರ ಮಾಡುತ್ತದೆ ಎಂಬುದು ಅವರ ವಾದದ ಸಾರ. ತೀವ್ರವಾದ ಚರ್ಚೆಗೆ ಅವಕಾಶವಿರುತ್ತದೆ, ಆದರೆ ಚರ್ಚೆಯ ಗಡಿಯನ್ನು ಮೊದಲೇ ಎಳೆದಿರುತ್ತಾರೆ. ಯುದ್ಧವನ್ನು ಹೇಗೆ ಗೆಲ್ಲಬೇಕು ಎಂಬುದರ ಮೇಲೆ ಬಿರುಸಾದ ವಾದ ನಡೆಯಬಹುದು. ಯುದ್ಧ ಮಾಡುವ ಹಕ್ಕು ಇದೆಯೇ ಎಂಬ ಪ್ರಶ್ನೆ ಏಳುವುದೇ ಇಲ್ಲ.

ಟೀಕೆಗಳು

ಮಾಧ್ಯಮದ ಪ್ರಭಾವ ಇಷ್ಟು ಪ್ರಬಲವೇ ಎಂಬ ಸಂದೇಹ ಹಳೆಯದು. ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು 1940ರ ಅಮೆರಿಕದ ಚುನಾವಣೆಯ ಸಂದರ್ಭದಲ್ಲಿ ಓಹಾಯೋ ರಾಜ್ಯದ ಒಂದು ಕೌಂಟಿಯ ಮತದಾರರನ್ನು ತಿಂಗಳುಗಟ್ಟಲೆ ಸಂದರ್ಶಿಸಿದರು. ಪ್ರಚಾರದಿಂದ ಪಕ್ಷ ಬದಲಿಸಿದವರು ತೀರ ಕಡಿಮೆ. ಜನ ಪತ್ರಿಕೆಗಿಂತ ಹೆಚ್ಚಾಗಿ ತಮ್ಮ ನೆರೆಹೊರೆಯ ತಿಳಿದವರ ಮಾತನ್ನು ನಂಬುತ್ತಿದ್ದರು. ಆ ಬಳಿಕ ಮ್ಯಾಕ್ಸ್‌ವೆಲ್ ಮೆಕೂಂಬ್ಸ್ ಮತ್ತು ಡೊನಾಲ್ಡ್ ಶಾ 1968ರ ಚುನಾವಣೆಯಲ್ಲಿ ಮಾಡಿದ ಅಧ್ಯಯನ ಬೇರೊಂದು ಬಗೆಯ ಪ್ರಭಾವವನ್ನು ಗುರುತಿಸಿತು. ಮತದಾರರು ಮುಖ್ಯವೆಂದು ಹೇಳಿದ ವಿಷಯಗಳು ಮಾಧ್ಯಮ ಒತ್ತು ಕೊಟ್ಟ ವಿಷಯಗಳಿಗೆ ಬಹುವಾಗಿ ಹೊಂದಿಕೆಯಾಗುತ್ತಿದ್ದವು. ಯಾವ ತೀರ್ಮಾನಕ್ಕೆ ಬರಬೇಕು ಎನ್ನುವುದನ್ನಲ್ಲದಿದ್ದರೂ, ಯಾವುದರ ಬಗ್ಗೆ ಯೋಚಿಸಬೇಕು ಎನ್ನುವುದನ್ನು ಮಾಧ್ಯಮ ಪ್ರಭಾವಿಸಬಲ್ಲದು ಎಂಬ ಈ ಮಿತವಾದ ತೀರ್ಮಾನವನ್ನು ಇಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ.

ಪ್ರಚಾರ ಮಾದರಿಯ ವಿರುದ್ಧ ಮುಖ್ಯ ಆಕ್ಷೇಪ ವಿಯೆಟ್ನಾಂ ಯುದ್ಧ ಮತ್ತು ವಾಟರ್‌ಗೇಟ್ ಹಗರಣಗಳಿಗೆ ಸಂಬಂಧಿಸಿದ್ದು. 1971ರಲ್ಲಿ ಪೆಂಟಗನ್ ದಾಖಲೆಗಳನ್ನು ಪ್ರಕಟಿಸಿದ, 1974ರಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಡುವ ಸ್ಥಿತಿಗೆ ಕಾರಣವಾದ ಪತ್ರಿಕೆಗಳನ್ನು ವಿಧೇಯ ಮಾಧ್ಯಮವೆಂದು ಕರೆಯುವುದು ಹೇಗೆ? ವಾಟರ್‌ಗೇಟ್‌ನಲ್ಲಿ ಪೆಟ್ಟು ಬಿದ್ದದ್ದು ದೇಶದ ಇನ್ನೊಂದು ಪ್ರಬಲ ಪಕ್ಷಕ್ಕೆ. ಆದುದರಿಂದಲೇ ಕೋಲಾಹಲವಾಯಿತು, ಅದೇ ಕಾಲದಲ್ಲಿ ಎಫ್‌ಬಿಐ ಸಂಸ್ಥೆ ಕಪ್ಪುಜನರ ಸಂಘಟನೆಗಳು ಹಾಗೂ ಸಣ್ಣ ಎಡಪಕ್ಷಗಳ ವಿರುದ್ಧ ನಡೆಸಿದ್ದ ಗುಪ್ತ ಕಾರ್ಯಾಚರಣೆಗಳು ಅಷ್ಟು ಸದ್ದು ಮಾಡಲಿಲ್ಲ ಎಂಬುದು ಲೇಖಕರ ಉತ್ತರ. ಉತ್ತರ ಚತುರವಾದುದೇ. ಆದರೆ ವಿರುದ್ಧವಾದ ಪ್ರತಿ ಸಾಕ್ಷ್ಯವನ್ನೂ ಹೀಗೆ ಒಳಗೆ ಸೇರಿಸಿಕೊಳ್ಳುವ ಸಿದ್ಧಾಂತವನ್ನು ಪರೀಕ್ಷಿಸುವುದು ಕಷ್ಟ ಎಂಬ ದೂರು ಉಳಿದೇ ಇದೆ. ಡೇನಿಯಲ್ ಹ್ಯಾಲಿನ್ ಅವರ 1986ರ ಅಧ್ಯಯನ ಹೆಚ್ಚು ಸಮತೂಕದ್ದು. ಆಳುವ ವರ್ಗದಲ್ಲೇ ಒಡಕು ಮೂಡಿದಾಗ ಮಾಧ್ಯಮದಲ್ಲಿ ಭಿನ್ನಾಭಿಪ್ರಾಯಕ್ಕೆ ಅವಕಾಶ ಹಿಗ್ಗುತ್ತದೆ, ಒಮ್ಮತವಿದ್ದಾಗ ಕುಗ್ಗುತ್ತದೆ ಎಂದು ಅವರು ತೋರಿಸಿದರು. ಕಾಂಬೋಡಿಯಾದಲ್ಲಿ ಖಮೇರ್ ರೂಜ್ ನಡೆಸಿದ ಹತ್ಯೆಗಳ ಕುರಿತ ಆರಂಭಿಕ ವರದಿಗಳನ್ನು ಹರ್ಮನ್ ಮತ್ತು ಚಾಮ್‌ಸ್ಕಿ ಅತಿಯಾಗಿ ಸಂದೇಹಿಸಿದರೆಂಬುದೂ ಅವರ ಮೇಲಿನ ಬಲವಾದ ಟೀಕೆ.

ಇರಾಕ್ ಯುದ್ಧ

2003ರ ಇರಾಕ್ ಆಕ್ರಮಣಕ್ಕೆ ಮುನ್ನ, ಸದ್ದಾಂ ಹುಸೇನ್ ಸರ್ಕಾರದ ಬಳಿ ಸಮೂಹನಾಶಕ ಅಸ್ತ್ರಗಳಿವೆಯೆಂಬ ಸರ್ಕಾರಿ ಹೇಳಿಕೆಗಳನ್ನು ಅಮೆರಿಕದ ದೊಡ್ಡ ಪತ್ರಿಕೆಗಳು ಬಹುಮಟ್ಟಿಗೆ ಒಪ್ಪಿಕೊಂಡವು. ಅಸ್ತ್ರಗಳು ಸಿಗಲಿಲ್ಲ. 2004ರ ಮೇ 26ರಂದು ‘ನ್ಯೂಯಾರ್ಕ್ ಟೈಮ್ಸ್’ ಸಂಪಾದಕರು, ತಮ್ಮ ವರದಿಗಾರಿಕೆಯಲ್ಲಿ ಇರಬೇಕಾದಷ್ಟು ಬಿಗಿ ಇರಲಿಲ್ಲವೆಂದು ಪ್ರಕಟಣೆಯೊಂದರಲ್ಲಿ ಒಪ್ಪಿಕೊಂಡರು. 1920ರಲ್ಲಿ ಲಿಪ್‌ಮನ್ ಪರೀಕ್ಷಿಸಿದ್ದೂ ಇದೇ ಪತ್ರಿಕೆಯನ್ನು. ಸರ್ಕಾರದ ವಾದವನ್ನು ಆಗಲೇ ಶಂಕಿಸಿ ಬರೆದವರು ಇರಲಿಲ್ಲವೆಂದಲ್ಲ. ನೈಟ್ ರಿಡರ್ ಪತ್ರಿಕಾ ಸಮೂಹದ ವರದಿಗಾರರು ಮಂತ್ರಿಗಳನ್ನು ಬಿಟ್ಟು ಕೆಳಹಂತದ ಅಧಿಕಾರಿಗಳನ್ನು ಮಾತನಾಡಿಸಿ, ಸಾಕ್ಷ್ಯ ದುರ್ಬಲವಾಗಿದೆಯೆಂದು ಬರೆದಿದ್ದರು. ಅವರ ಪತ್ರಿಕೆಗಳು ರಾಜಧಾನಿಯಲ್ಲಿ ಪ್ರಕಟವಾಗುತ್ತಿರಲಿಲ್ಲ. ಅವರ ಬರಹಕ್ಕೆ ಆಗ ಹೆಚ್ಚಿನ ಗಮನ ದೊರೆಯಲಿಲ್ಲ.

ಭಾರತದಲ್ಲಿ

ಭಾರತೀಯ ಓದುಗರಿಗೆ ಮಾಧ್ಯಮ ನಿಯಂತ್ರಣವೆಂದೊಡನೆ ನೆನಪಾಗುವುದು 1975ರ ತುರ್ತುಪರಿಸ್ಥಿತಿ. ಪ್ರಕಟಣಪೂರ್ವ ಸೆನ್ಸಾರ್ ಜಾರಿಯಾಯಿತು, ‘ಇಂಡಿಯನ್ ಎಕ್ಸ್‌ಪ್ರೆಸ್’ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಪ್ರತಿಭಟಿಸಿತು, 1976ರಲ್ಲಿ ನಾಲ್ಕು ಸುದ್ದಿಸಂಸ್ಥೆಗಳನ್ನು ‘ಸಮಾಚಾರ್’ ಎಂಬ ಒಂದೇ ಸಂಸ್ಥೆಯಾಗಿ ವಿಲೀನಗೊಳಿಸಲಾಯಿತು. ಆದರೆ ಇದು ಸಮ್ಮತಿಯ ಉತ್ಪಾದನೆಯಲ್ಲ, ನೇರವಾದ ಬಾಯಿಕಟ್ಟು. ಬಾಯಿ ಕಟ್ಟಿದ್ದು ಎಲ್ಲರಿಗೂ ಕಾಣುತ್ತಿತ್ತು. 1977ರ ಮಾರ್ಚ್‌ನಲ್ಲಿ ಮತದಾರರು ಆಡಳಿತ ಪಕ್ಷವನ್ನು ಸೋಲಿಸಿದರು.

ಕಾಣದ ಒತ್ತಡದ ಪ್ರಶ್ನೆ ಬೇರೆ ಕಡೆ ಎದ್ದಿತು. ಸಂವಿಧಾನದ 19(1)(ಎ) ವಿಧಿ ನೀಡುವ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯದಲ್ಲಿ ಪತ್ರಿಕೆಯ ಪ್ರಸಾರವೂ ಸೇರಿದೆಯೆಂದು ಸರ್ವೋಚ್ಚ ನ್ಯಾಯಾಲಯ 1961ರ ಸಕಾಳ್ ಪೇಪರ್ಸ್ ಪ್ರಕರಣದಲ್ಲಿ ಹೇಳಿ, ಪುಟಗಳ ಸಂಖ್ಯೆಗೆ ತಕ್ಕಂತೆ ಬೆಲೆಯನ್ನು ನಿಗದಿಪಡಿಸುವ ಸರ್ಕಾರದ ಆದೇಶವನ್ನು ರದ್ದುಗೊಳಿಸಿತು. 1972ರ ಬೆನೆಟ್ ಕೋಲ್ಮನ್ ಪ್ರಕರಣದಲ್ಲಿ, ದೈನಿಕಗಳಿಗೆ ಹತ್ತು ಪುಟಗಳ ಮಿತಿ ಹಾಕಿದ್ದ ಮುದ್ರಣ ಕಾಗದದ ನೀತಿಯೂ ಬಿದ್ದುಹೋಯಿತು. ಎರಡೂ ತೀರ್ಪುಗಳು ಪತ್ರಿಕಾ ಸ್ವಾತಂತ್ರ್ಯದ ಮೈಲಿಗಲ್ಲುಗಳೆಂದು ಪಠ್ಯಪುಸ್ತಕಗಳಲ್ಲಿ ಸೇರಿವೆ. ಎರಡನೆಯ ಪ್ರಕರಣದಲ್ಲಿ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಬರೆದ ಭಿನ್ನ ತೀರ್ಪು ಅಷ್ಟಾಗಿ ಸ್ಮರಣೆಯಲ್ಲಿಲ್ಲ. ಪತ್ರಿಕೆಗಳು ಕೆಲವೇ ಕೈಗಳಲ್ಲಿ ಕೇಂದ್ರೀಕೃತವಾದಾಗ ವಿಚಾರಗಳ ಮುಕ್ತ ಮಾರುಕಟ್ಟೆ ಎಂಬುದಕ್ಕೆ ಅರ್ಥವೇನು, ಭಿನ್ನ ದನಿಗಳನ್ನು ಕೇಳಿಸಿಕೊಳ್ಳುವ ಜನರ ಹಿತಕ್ಕೆ ಯಾರು ಹೊಣೆ ಎಂಬ ಪ್ರಶ್ನೆಗಳನ್ನು ಅವರು ಎತ್ತಿದ್ದರು.

2009ರ ಲೋಕಸಭಾ ಚುನಾವಣೆಯ ನಂತರ ‘ಕಾಸಿಗಾಗಿ ಸುದ್ದಿ’ ಎಂಬ ಪಿಡುಗು ಬಯಲಿಗೆ ಬಂದಿತು. ಅಭ್ಯರ್ಥಿಗಳಿಂದ ಹಣ ಪಡೆದು, ಅದನ್ನು ಜಾಹೀರಾತೆಂದು ತಿಳಿಸದೆ ಸುದ್ದಿಯ ರೂಪದಲ್ಲೇ ಪ್ರಕಟಿಸುವ ಪದ್ಧತಿಯಿದು. ಭಾರತೀಯ ಪತ್ರಿಕಾ ಮಂಡಳಿ ವಿಚಾರಣೆಗಾಗಿ ಇಬ್ಬರು ಸದಸ್ಯರ ಉಪಸಮಿತಿಯನ್ನು ನೇಮಿಸಿತು. ಉಪಸಮಿತಿಯು ಆರೋಪಕ್ಕೆ ಗುರಿಯಾದ ಪತ್ರಿಕೆಗಳ ಹೆಸರುಗಳನ್ನು ನಮೂದಿಸಿ ದೀರ್ಘವಾದ ವರದಿಯನ್ನು ಸಿದ್ಧಪಡಿಸಿತು. 2010ರಲ್ಲಿ ಮಂಡಳಿ ಹೊರತಂದದ್ದು ಒಂದು ಸಂಕ್ಷಿಪ್ತ ವರದಿಯನ್ನು ಮಾತ್ರ. ಪೂರ್ಣ ವರದಿ ಸಾರ್ವಜನಿಕರಿಗೆ ಅಧಿಕೃತವಾಗಿ ದೊರೆತದ್ದು 2011ರಲ್ಲಿ, ಮಾಹಿತಿ ಹಕ್ಕು ಕಾಯಿದೆಯ ಅಡಿಯಲ್ಲಿ ಕೇಂದ್ರ ಮಾಹಿತಿ ಆಯೋಗ ಆದೇಶ ನೀಡಿದ ಬಳಿಕ.